ಕೆನ್ನೆಯ ಮೇಲೆ ಒತ್ತಿದ ಮಾಸ್ಕು

ರಾಮನಗರದ ಒಂದು ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ವೈದ್ಯೆಯಾಗಿದ್ದೆ. ಸುಟ್ಟಗಾಯದವರಿಗೆ ನಿದ್ದೆಯ ಮದ್ದು ಕೊಟ್ಟು, ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಅವರ ಉಸಿರು ಕಾಯುವುದು ನನ್ನ ಕೆಲಸ. ಗಂಟಲಿಗೆ ಕೊಳವೆ ಇಳಿಸದ ಹಗುರ ನಿದ್ದೆಯಲ್ಲಿ ಆಮ್ಲಜನಕ ಕೊಡಲು ನಮಗಿದ್ದದ್ದು ಎರಡೇ ದಾರಿ. ಮುಖಕ್ಕೆ ಒತ್ತಿ ಹಿಡಿಯುವ ಮಾಸ್ಕು, ಇಲ್ಲವೇ ಮೂಗಿಗೆ ಸಿಕ್ಕಿಸುವ ಸಣ್ಣ ಕೊಳವೆ. ಮಾಸ್ಕನ್ನು ನಂಬಬಹುದು, ಆದರೆ ಬೆಂದ ಮುಖದ ಮೇಲೆ ಅದನ್ನು ಇಡುವುದೆಲ್ಲಿ? ಕೊಳವೆ ಮುಖಕ್ಕೆ ತಾಕುವುದಿಲ್ಲ, ಆದರೆ ನಿದ್ದೆ ಸ್ವಲ್ಪ ಆಳವಾದರೂ ಅದು ಸಾಲದು.

ಮೂರನೆಯದೂ ಬಂದಿತ್ತು. ಬೆಚ್ಚಗಿನ, ತೇವದ ಆಮ್ಲಜನಕವನ್ನು ಮೂಗಿನಿಂದಲೇ ರಭಸವಾಗಿ ಕೊಡುವ ಯಂತ್ರ. ಮೂರು ತಿಂಗಳಿಂದ ಪೆಟ್ಟಿಗೆಯಲ್ಲೇ ಇತ್ತು. ಯಾರೋ ದೊಡ್ಡವರು ಬಂದು ಟೇಪು ಕತ್ತರಿಸಬೇಕಿತ್ತು. ಎರಡು ಸಲ ಕೇಳಿದೆ.

"ಉದ್ಘಾಟನೆ ಆಗ್ಲಿ ಡಾಕ್ಟ್ರೇ, ಫೋಟೋದಲ್ಲಿ ಹೊಸದಾಗಿ ಕಾಣ್ಬೇಕಲ್ವಾ" ಎಂದರು ಆಡಳಿತಾಧಿಕಾರಿ. ಮೂರನೆಯ ಸಲ ನಾನು ಕೇಳಲಿಲ್ಲ.

ಆಗ ಕೂಟಗಲ್ ಕಡೆಯ ಹೆಂಗಸೊಬ್ಬಳು ಬಂದಳು. ರೇಷ್ಮೆ ನೂಲು ತೆಗೆಯುವಲ್ಲಿ ಗೂಡು ಬೇಯಿಸುವ ಪಾತ್ರೆ ಇಳಿಸುವಾಗ ಕಾಲು ಜಾರಿ, ಕುದಿನೀರು ಎಡಗೆನ್ನೆ, ಕತ್ತಿನ ಮೇಲೆ ಬಿದ್ದಿತ್ತು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಬೇಕಿತ್ತು.

"ಚಂದ ಏನ್ ಕಾಣ್ಬೇಕಿಲ್ಲ ಡಾಕ್ಟ್ರಮ್ಮ. ನನ್ ಮಗ್ಳು ನೋಡಿ ಎದುರ್ಕಳ್ದೆ ಇದ್ರೆ ಸಾಕು. ಈಗ ತಾವ್ಕೇ ಬರಾಕಿಲ್ಲ ಅಂತಾಳೆ" ಎಂದಳು.

ಮೂಗಿನ ಕೊಳವೆಯನ್ನೇ ಹಾಕಿದೆ. ಕೆನ್ನೆಗೆ ಚರ್ಮ ಕೂರಿಸಿ, ಕತ್ತಿನ ಕೆಲಸಕ್ಕೆ ಇಳಿದಾಗ ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ಇಳಿಯತೊಡಗಿತು. ಗದ್ದ ಎತ್ತಿ ಹಿಡಿದೆ, ಆಮ್ಲಜನಕ ಹೆಚ್ಚಿಸಿದೆ. ತುಟಿ ನೀಲಿಯಾಯಿತು. ಮಾಸ್ಕು ತೆಗೆದು ಎರಡೂ ಕೈಯಿಂದ ಒತ್ತಿದೆ. ಅಂಚಿನಡಿಯಲ್ಲಿ ಹೊಸ ಚರ್ಮ ಜಾರಿದ್ದು ಬೆರಳಿಗೆ ಗೊತ್ತಾಯಿತು. ಕೈ ತೆಗೆಯುವಂತಿರಲಿಲ್ಲ. ಜೀವ ಉಳಿಯಿತು.

ಶಸ್ತ್ರವೈದ್ಯರು ಮತ್ತೆ ಕೂರಿಸಿದರೂ ಐದನೇ ದಿನ ಬ್ಯಾಂಡೇಜು ಬಿಚ್ಚಿದಾಗ ಕೆನ್ನೆಯ ಚರ್ಮ ಕಪ್ಪಾಗಿ ಸತ್ತಿತ್ತು.

"ಕತ್ತಿಂದು ಅಂಟ್ಕೊಂಡೈತೆ, ಕೆನ್ನೇದು ಯಾಕೆ ಹಿಂಗಾಯ್ತು?" ಎಂದು ಕೇಳಿದಳು.

"ಕೆಲವು ಸಲ ಹಾಗಾಗುತ್ತಮ್ಮ" ಎಂದೆ.

ಸಂಜೆ ವಾರ್ಡಿನ ಬಾಗಿಲಲ್ಲಿ ಅವಳ ಮಾತು ಕೇಳಿಸಿತು. "ನಾನೇ ನಿದ್ದೇಲಿ ಕೆರ್ಕಂಡಿರ್ಬೇಕು ಕಣವ್ವ" ಎಂದು ತಾಯಿಗೆ ಹೇಳುತ್ತಿದ್ದಳು. ನಾನು ಒಳಗೆ ಹೋಗಲಿಲ್ಲ.

ಎರಡು ವಾರದ ಮೇಲೆ ಯಂತ್ರದ ಉದ್ಘಾಟನೆಯಾಯಿತು. ಫೋಟೋದಲ್ಲಿ ನಾನೂ ನಗುತ್ತಿದ್ದೇನೆ. ಮುಂದೆ ಅದನ್ನು ಬಳಸಿದ ಎಷ್ಟೋ ಜನರಿಗೆ ಮಾಸ್ಕು ಮುಟ್ಟಿಸಬೇಕಾಗಲಿಲ್ಲ. ಅವಳಿಗೂ ಹಾಗೇ ಆಗುತ್ತಿತ್ತೆಂದು ಆಣೆ ಮಾಡಲಾರೆ. ಆದರೆ ಹಾಕಿ ನೋಡುವ ಅವಕಾಶವೂ ಅವಳಿಗೆ ಸಿಗಲಿಲ್ಲ.

ತಪಾಸಣೆಗೆ ಬಂದಾಗ, ಇನ್ನೊಮ್ಮೆ ಚರ್ಮ ಹಾಕೋಣ, ಈಗ ಒಳ್ಳೆಯ ಯಂತ್ರವಿದೆ ಎಂದೆ.

"ಅವತ್ತು ಇರ್ನಿಲ್ವಾ ಅದು?"

"ಇತ್ತು" ಎಂದೆ. ಅದು ಪೆಟ್ಟಿಗೆಯಲ್ಲೇ ಇದ್ದದ್ದನ್ನೂ, ನಾನು ಒತ್ತಿದ ಮಾಸ್ಕಿನಡಿ ಚರ್ಮ ಜಾರಿದ್ದನ್ನೂ ಹೇಳಿದೆ.

ಅವಳು ಬಯ್ಯಲಿಲ್ಲ. "ಒಸಿ ಮುಂಚೆ ಹೇಳಿದ್ರೆ ನನ್ನೇ ನಾನು ಬೈಕಂತಿರ್ನಿಲ್ಲ" ಎಂದು ಚೀಟಿ ಮಡಚಿಕೊಂಡು ಎದ್ದಳು. ಮತ್ತೆ ಶಸ್ತ್ರಚಿಕಿತ್ಸೆಗೆ ಬರಲಿಲ್ಲ.