ಹಾರ್ಮೋನಿಯಂ ಟೀಚರ ಅಪಸ್ವರ

ಸೈಕಲ್ ಅಂಗಡಿಯ ಮಹಡಿ ಮೇಲಿನ ಆ ಕೋಣೆಯನ್ನು ನೆನೆದರೆ ಟೈಲರಮ್ಮನಿಗೆ ಇಂದಿಗೂ ಮೊದಲು ಕೇಳಿಸುವುದು ಹಾರ್ಮೋನಿಯಂ ಟೀಚರ ಅಪಸ್ವರವೇ. ಅವಳಂತೆ ಊರಿಗೆ ಹೊಸದಾಗಿ ಬಂದು, ಬಾಯಿದ್ದೂ ಮೂಕರಾದವರಿಗೆಲ್ಲ ಟೀಚರು ಸಂಜೆ ಹೊತ್ತು ಪುಕ್ಕಟೆಯಾಗಿ ಇಲ್ಲಿನ ಭಾಷೆ ಕಲಿಸುತ್ತಿದ್ದರು. ಬಸ್ಸು ವಿಚಾರಿಸುವುದಕ್ಕೆ, ಬಾಡಿಗೆ ಚೌಕಾಸಿಗೆ, ಡಾಕ್ಟರಿಗೆ ಹೊಟ್ಟೆನೋವು ಹೇಳುವುದಕ್ಕೆ, ಎಲ್ಲಕ್ಕೂ ಅವರ ಬಳಿ ಹಾರ್ಮೋನಿಯಂ ನುಡಿಸಿ ಹೇಳಿಕೊಡುವ ಒಂದೊಂದು ಹಾಡಿತ್ತು. ಕಚೇರಿಯಲ್ಲಿ ಯಾರಾದರೂ ಹೊಸಬರನ್ನು ಗದರಿದರೆ ಸಾಕು, ಟೀಚರು ಚೀಲ ಸಮೇತ ಹಾಜರು. ಸೀಟಿಲ್ಲ ಎಂದ ಹೆಡ್‌ಮಾಸ್ಟರಿಗೆ, "ಪರವಾಗಿಲ್ಲ ಸಾರ್, ಇವರ ಮಗಳು ನಿಂತ್ಕೊಂಡೇ ಕಲೀಲಿ. ಪಕ್ಕದಲ್ಲಿ ನಾನೂ ನಿಂತಿರ್ತೀನಿ, ಹಾಡ್ಕೊಂಡು" ಅಂದರು, ಮಧ್ಯಾಹ್ನದೊಳಗೆ ಟೈಲರಮ್ಮನ ಮಗಳಿಗೆ ಬೆಂಚು ಸಿಕ್ಕಿತು. ಆದರೆ ಕೋಣೆಗೆ ಬಂದವರು ಮೊದಲು ತಮ್ಮ ಕಡೆಯ ಜೋಗುಳವೊಂದನ್ನು ಟೀಚರಿಗೇ ಕಲಿಸಬೇಕಿತ್ತು. ಟೀಚರೋ, ಮಹಾ ದಡ್ಡ ಶಿಷ್ಯೆ. ಟೈಲರಮ್ಮ ಕಲಿಸಿದ ಅವಳ ಅಮ್ಮನ ಜೋಗುಳದ ಎರಡನೇ ಸಾಲು ವರ್ಷವಾದರೂ ಅವರ ತಲೆಗೆ ಹತ್ತಲಿಲ್ಲ. ಹೊರಗೆ ಕಂಡಕಂಡವರಿಂದೆಲ್ಲ ತಿದ್ದಿಸಿಕೊಂಡು ಬರುತ್ತಿದ್ದ ಟೈಲರಮ್ಮ ಅಲ್ಲಿ ಮಾತ್ರ ಕತ್ತು ನೆಟ್ಟಗೆ ಮಾಡಿ, "ಹಾಗಲ್ಲ ಟೀಚರೇ, ಹೀಗೆ" ಎನ್ನುತ್ತಿದ್ದಳು. ಒಂದು ಸಂಜೆ ಪಾಠ ಮುಗಿದ ಮೇಲೆ, ಮರೆತ ಕೊಡೆಗಾಗಿ ಅವಳು ಮತ್ತೆ ಮೆಟ್ಟಿಲು ಹತ್ತಿದಾಗ, ಖಾಲಿ ಕೋಣೆಯಲ್ಲಿ ಬೆಂಚು ಸರಿಸುತ್ತ ಟೀಚರು ಅದೇ ಜೋಗುಳವನ್ನು ಗುನುಗುತ್ತಿದ್ದರು, ಎರಡನೇ ಸಾಲೂ ಸೇರಿ, ಥೇಟ್ ಅವಳ ಅಮ್ಮನ ಹಾಗೆ. ಟೈಲರಮ್ಮ ಕೊಡೆಯನ್ನು ಅಲ್ಲೇ ಬಿಟ್ಟು, ಸದ್ದಿಲ್ಲದೆ ಇಳಿದು ಮಳೆಯಲ್ಲಿ ನೆನೆದುಕೊಂಡೇ ಮನೆಗೆ ಹೋದಳು. ಮರುದಿನ ಟೀಚರು ಎರಡನೇ ಸಾಲಿನಲ್ಲಿ ಮತ್ತೆ ಎಡವಿದರು. "ಹಾಗಲ್ಲ ಟೀಚರೇ," ಎಂದು ಅವಳು ಇನ್ನೊಮ್ಮೆ ಹೇಳಿಕೊಟ್ಟಳು.