ಮೂರು ಸಲ ಕರೆದ ಮನೆ, ಒಮ್ಮೆಯೂ ಕರೆಯದ ಮಾವ

ಒಂದೇ ಮದುವೆಗೆ ಒಂದೇ ಮನೆಯವರನ್ನು ಎಷ್ಟು ಸಲ ಕರೆಯಬಹುದು? ನಾನು ಮೂರು ಸಲ ಕರೆದೆ.

ಮಟ್ಟುವಿನ ಗಿರಿಜಕ್ಕ ನಮ್ಮ ಅಪ್ಪನ ಕಡೆಯ ಸಂಬಂಧಿ. ಎಪ್ಪತ್ತು ದಾಟಿದೆ, ಈಗಲೂ ಗುಳ್ಳ ಬದನೆಯ ಗಿಡಗಳಿಗೆ ತಾವೇ ನೀರು ಬಿಡುತ್ತಾರೆ. ನನ್ನ ತಮ್ಮ ಪ್ರಶಾಂತನ ಮದುವೆಗೆ ಕರೆಯಲು ಹೋದಾಗ ಮೊದಲ ಸಲ ಎಳನೀರು ಕೊಟ್ಟರು. ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಇಡೀ ಮನೆಯವರು ಬರಬೇಕು, ಹಿಂದಿನ ದಿನವೇ ಬರಬೇಕು ಎಂದು ಎರಡೂ ಕೈಯಲ್ಲಿ ಕಾರ್ಡು ಕೊಟ್ಟೆ. ಗಿರಿಜಕ್ಕ ಏನೂ ಹೇಳದೆ ತೆಗೆದುಕೊಂಡು, ಹೊರಡುವಾಗ ಒಂದು ಚೀಲ ಗುಳ್ಳ ಕೊಟ್ಟರು. ಮದುವೆಗೆ ಇನ್ನು ನಾಲ್ಕು ದಿನ ಉಳಿದಿರುವಾಗ ಮೂರನೇ ಸಲ ಹೋದೆ. ಬ್ಯಾಗಿನಿಂದ ಕಾರ್ಡು ತೆಗೆಯುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಇನ್ನೊಂದು ಸಲ ಬಂದರೆ ಮದುವೆ ನನ್ನದೇ ಅಂತ ಊರವರು ತಿಳಿಯುತ್ತಾರೆ ಮಾರಾಯ್ತಿ" ಎಂದರು.

(ಮಾತು ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಇದು ಇನ್ನೂ ಖಾರವಾಗಿತ್ತು.)

ಎರಡನೇ ಸಲವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕರೆಯಲು ಬಂದವರನ್ನು ಯಾರಾದರೂ ತಡೆಯುವುದುಂಟಾ ಎಂದು ನನಗೇ ತಿರುಗಿ ಕೇಳಿದರು. ಎರಡನೆಯದು ರಿಸೆಪ್ಷನ್ನಿಗೆ ಎಂದುಕೊಂಡಿದ್ದರಂತೆ.

ಇದು ಹೇಗಾಯಿತು ಎನ್ನುತ್ತೀರಾ? ಬಹಳ ಸುಲಭ. ಮೊದಲ ಸಲ ಅವರ ಗೇಟು ದಾಟುವಾಗ ಫೋನು ಬಂತು. ಕರೆಯಬೇಕಾದ ಮನೆಗಳ ಲಿಸ್ಟಿನಲ್ಲಿ ಟಿಕ್ ಹಾಕುವುದು ಮರೆತುಹೋಯಿತು. ಎರಡನೇ ಸಲ ಟಿಕ್ ಹಾಕಿದೆ, ಆದರೆ ಕೆಳಗಿನ ಸಾಲಿಗೆ. (ಆ ಸಾಲಿನ ಮನೆಯವರನ್ನೂ ಆಮೇಲೆ ಕರೆದೆ ಬಿಡಿ, ಗಾಬರಿಯಾಗಬೇಡಿ.)

ಈ ಅಂಕಣವನ್ನು ಬಿಡದೆ ಓದುವವರಿಗೆ ಗೊತ್ತಿದೆ. ಎಂಟು ತಿಂಗಳ ಹಿಂದೆ, ನನ್ನ ನಲವತ್ತನಾಲ್ಕನೇ ವಯಸ್ಸಿನಲ್ಲಿ, ಮಣಿಪಾಲದ ಡಾಕ್ಟರಮ್ಮ ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ ಎಂದು ಹೇಳಿದರು. ಅದು ಚಿಕ್ಕ ಮಕ್ಕಳಿಗೆ ಬರುವುದಲ್ಲವಾ ಎಂದು ಕೇಳಿದ್ದಕ್ಕೆ, ಮಕ್ಕಳು ದೊಡ್ಡವರಾಗುತ್ತಾರಲ್ಲ ಎಂದರು. ವರ್ಕಿಂಗ್ ಮೆಮೊರಿ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲೇ. ಈಗ ಮಾಡುತ್ತಿರುವ ಕೆಲಸಕ್ಕೆ ಬೇಕಾದಷ್ಟನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಜಾಗವಂತೆ ಅದು. ನನ್ನದು ಬಾಡಿಗೆ ಮನೆಯ ಅಡುಗೆ ಕಟ್ಟೆಯ ಹಾಗೆ ಸಣ್ಣದು. ಹೊಸ ಪಾತ್ರೆ ಇಟ್ಟರೆ ಹಳೆಯದು ಆ ಕಡೆಯಿಂದ ಕೆಳಗೆ ಬೀಳುತ್ತದೆ.

ಮಾತ್ರೆ ಕೊಟ್ಟಿದ್ದಾರೆ, ಉಪಯೋಗವೂ ಆಗಿದೆ. ಅಲಾರಂ ಇಟ್ಟುಕೊಳ್ಳಲು ಹೇಳಿದ್ದಾರೆ, ಇಟ್ಟುಕೊಂಡಿದ್ದೇನೆ. ಒಮ್ಮೆ ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ ಅಲಾರಂ ಹೊಡೆಯಿತು. ತೆಗೆದು ನೋಡಿದರೆ ನಾನೇ ಬರೆದಿದ್ದೆ: 'ಅದನ್ನು ಮರೆಯಬೇಡ'. ಅದು ಎಂದರೆ ಯಾವುದು? ಇವತ್ತಿನವರೆಗೂ ಗೊತ್ತಾಗಿಲ್ಲ.

ಎಡಿಎಚ್‌ಡಿ ಒಂದು ವರ ಎಂದು ಇಂಟರ್ನೆಟ್ಟಿನಲ್ಲಿ ಕೆಲವರು ಬರೆಯುತ್ತಾರೆ. ಅವರು ದಯವಿಟ್ಟು ಒಮ್ಮೆ ಸಂತೆಕಟ್ಟೆಯ ನಮ್ಮ ಮನೆಗೆ ಬಂದು ನನ್ನ ಸ್ಕೂಟರಿನ ಡಿಕ್ಕಿ ತೆರೆದು ಮೂಸಿ ನೋಡಲಿ. ಗಿರಿಜಕ್ಕ ಕೊಟ್ಟ ಗುಳ್ಳ ಅಲ್ಲಿ ಎಂಟು ದಿನ ಇತ್ತು. ಅದಕ್ಕೆ ಮೊದಲು ಬಂಗುಡೆ ಮೀನು.

ಸರಿ, ಮದುವೆಯ ವಿಷಯಕ್ಕೆ ಬರುತ್ತೇನೆ.

ನಮಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಮ್ಮ ಹೋಗಿ ನಾಲ್ಕು ವರ್ಷ ಆಯಿತು. ಪ್ರಶಾಂತ ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಾನೆ. ಎಂಜಿನ್ ಬಿಟ್ಟರೆ ಬೇರೆ ಯಾವುದರ ಚಿಂತೆಯೂ ಅವನಿಗಿಲ್ಲ. ಹಾಗಾಗಿ ಮದುವೆಯ ಪೂರ್ತಿ ಭಾರ ಕಾಪುವಿನಲ್ಲಿರುವ ನನ್ನ ತಂಗಿ ಸುಮನಳ ಮೇಲೆ. ನಾನೇ ದೊಡ್ಡವಳು. ಆದರೆ ನನಗೆ ಯಾರೂ ಕೆಲಸ ಹೇಳುವುದಿಲ್ಲ. ನನ್ನ ಮರೆವಿಗೆ ಹೆಸರಿಲ್ಲದಿದ್ದಾಗ ಬೈಯುತ್ತಿದ್ದರು. ಹೆಸರು ಸಿಕ್ಕಿದ ಮೇಲೆ ಬೈಯುವುದನ್ನೂ ಬಿಟ್ಟು ಕನಿಕರ ಶುರುಮಾಡಿದ್ದಾರೆ. ನಿಜ ಹೇಳುತ್ತೇನೆ, ಬೈಗುಳವೇ ಚೆನ್ನಾಗಿತ್ತು.

ಸಂಬಂಧಿಕರ ಮನೆಗಳನ್ನೆಲ್ಲ ನಾನೇ ಕರೆಯುತ್ತೇನೆ ಎಂದು ಹಟ ಹಿಡಿದೆ. ನಮ್ಮ ಕಡೆ ಕರೆಯುವುದೆಂದರೆ ವಾಟ್ಸಾಪಿನಲ್ಲಿ ಕಾರ್ಡು ಹಾಕುವುದಲ್ಲ. ಮನೆಗೆ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ಹೆಸರು ಹಿಡಿದು ಕರೆಯಬೇಕು. ಒಂದು ಮನೆ ತಪ್ಪಿದರೆ ಮುಂದಿನ ಮೂರು ಮದುವೆಗಳಲ್ಲಿ ಅದೇ ಸುದ್ದಿ.

"ನಿನ್ನಿಂದ ಆಗುತ್ತದಾ ಅಕ್ಕ?" ಎಂದಳು ಸುಮನ.

ಚುಚ್ಚಿ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಅದಕ್ಕೇ ನೋವಾಯಿತು. ಆಗುತ್ತದೆ ಎಂದೆ. ಅವಳ ದುಂಡು ಅಕ್ಷರದಲ್ಲಿ ಬರೆದ ನಲವತ್ತು ಮನೆಗಳ ಲಿಸ್ಟ್ ನನ್ನ ಕೈಗೆ ಬಂತು. ಈ ಒಂದು ಕೆಲಸ ಸರಿಯಾಗಿ ಮಾಡಿದರೆ ಈ ಮನೆಯಲ್ಲಿ ಮತ್ತೆ ನಾನು ದೊಡ್ಡವಳು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮೂರನೇ ಸಲ ಹೋದ ದಿನ ಮಟ್ಟುವಿನ ಜಗಲಿಯಲ್ಲಿ ನಗು ನಿಂತ ಮೇಲೆ ಗಿರಿಜಕ್ಕ ಸುಮ್ಮನೆ ಒಂದು ಮಾತು ಕೇಳಿದರು. ಕಾರ್ಕಳದ ಪದ್ಮನಾಭನನ್ನು ಕರೆದಾಯಿತಲ್ವಾ, ಮೊದಲ ಕಾರ್ಡು ಅವನಿಗೇ ಅಲ್ವಾ ಎಂದು.

ನಾನು ಬ್ಯಾಗಿನಿಂದ ಲಿಸ್ಟ್ ಹೊರಗೆ ತೆಗೆದೆ.

ಪದ್ಮನಾಭ ಮಾವ ಅಮ್ಮನ ಅಣ್ಣ. ಕಾರ್ಕಳದಲ್ಲಿ ಮೀನಿನ ಅಂಗಡಿ ಇಟ್ಟು ಅಲ್ಲೇ ಮನೆ ಮಾಡಿದವರು. ಅಮ್ಮನ ಕಡೆಯಲ್ಲಿ ಉಳಿದಿರುವ ಒಬ್ಬರೇ ಹಿರಿಯರು. ನಮ್ಮಲ್ಲಿ ಸೋದರಮಾವ ಮುಂದೆ ನಿಲ್ಲದ ಮದುವೆಗೆ ಕಳೆಯೇ ಇಲ್ಲ. ಅಪ್ಪ ಅಮ್ಮ ಇಲ್ಲದ ಪ್ರಶಾಂತನ ತಲೆಯ ಮೇಲೆ ಕೈ ಇಡಲು ಬೇರೆ ಯಾರಿದ್ದಾರೆ? ಲಿಸ್ಟ್ ಬಿಡಿಸಿ ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ಮಾವನ ಹೆಸರಿಲ್ಲ.

ಯಾಕಿಲ್ಲ ಎಂದು ನನಗೆ ಕೂಡಲೇ ಹೊಳೆಯಿತು. ಅದನ್ನೂ ಬರೆದುಕೊಡಬೇಕಾ ಎಂದು ಸುಮನ ಬಾಯಲ್ಲೇ ಹೇಳಿರುತ್ತಾಳೆ. ಅಡುಗೆಮನೆಯಲ್ಲಿ, ಮಿಕ್ಸಿಯ ಸದ್ದಿನ ನಡುವೆ ಹೇಳಿರುತ್ತಾಳೆ. ನಾನು ಹೂಂ ಎಂದಿರುತ್ತೇನೆ. ಬಾಯಲ್ಲಿ ಹೇಳಿದ್ದು ನನ್ನ ತಲೆಯಲ್ಲಿ ನಿಲ್ಲುವುದು ಗೇಟಿನವರೆಗೆ. ಅಂತೂ ನಲವತ್ತು ಮನೆಯಲ್ಲಿ ಒಂದು ಮನೆಗೆ ಮೂರು ಕಾರ್ಡು, ಸೋದರಮಾವನಿಗೆ ಸೊನ್ನೆ.

ಸುಮನಳಿಗೆ ಹೇಳುವ ಧೈರ್ಯವಾಗಲಿಲ್ಲ. ನಮ್ಮ ಯಜಮಾನರಿಗೆ ಹೇಳಿದೆ. ಅವರು ದೋಸೆ ತಿನ್ನುತ್ತಲೇ ಎರಡು ದಾರಿ ತೋರಿಸಿದರು. ಒಂದು, ಮೊದಲೇ ಬಂದಿದ್ದೆ, ಬೀಗ ಹಾಕಿತ್ತು ಎನ್ನುವುದು. ಎರಡು, ಕಾರ್ಡು ಪ್ರೆಸ್ಸಿನಿಂದ ತಡವಾಗಿ ಬಂತು ಎನ್ನುವುದು. ನಮ್ಮ ಜಿಲ್ಲೆಯಲ್ಲಿ ಇವೆರಡೂ ಎಲ್ಲರಿಗೂ ಗೊತ್ತಿರುವ, ಎಲ್ಲರೂ ಒಪ್ಪುವ ಸುಳ್ಳುಗಳು. ನಲವತ್ತು ವರ್ಷ ನಾನು ಇಂಥ ಸುಳ್ಳುಗಳಲ್ಲೇ ಬದುಕಿದ್ದೇನೆ. ಕಷ್ಟ ಏನೆಂದರೆ, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳಬೇಕಲ್ಲ! ಮರೆಗುಳಿಗೆ ಅದು ಕೈಗೆಟುಕುವ ವ್ಯವಹಾರವಾ?

ಮರುದಿನ ಬೆಳಿಗ್ಗೆ ಉಡುಪಿಯಿಂದ ಕಾರ್ಕಳದ ಬಸ್ಸು ಹತ್ತಿದೆ. ಮಣಿಪಾಲ ದಾಟಿತು. ಹಿರಿಯಡ್ಕದಲ್ಲಿ ಬಸ್ಸು ನಿಂತಾಗ, ಮಾವನ ಹೆಸರು ಬರೆದಿದ್ದೆನಾ ಎಂದು ನೋಡಲು ಬ್ಯಾಗಿಗೆ ಕೈ ಹಾಕಿದೆ. ಕಾರ್ಡು ಇಲ್ಲ. ಬರೆದದ್ದು ನಿಜ, ತಪ್ಪಿಹೋಗಬಾರದು ಎಂದು ಫ್ರಿಜ್ಜಿನ ಮೇಲೆ ಇಟ್ಟದ್ದೂ ನಿಜ. ಅದು ಅಲ್ಲೇ ಇತ್ತು.

ಇಳಿದು ವಾಪಸು ಹೋಗಲೇ? ಹೋದರೆ ಮತ್ತೆ ಬರುವ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಕೂತೇ ಇದ್ದೆ.

ಮಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ಕನ್ನಡಕ ತೆಗೆದರು, ಪೇಪರು ಮಡಚಲಿಲ್ಲ. ಮಾಮಿ ಬೆಲ್ಲ ನೀರು ತರಲು ಒಳಗೆ ಹೋದರು. ಬಸ್ಸಿನಲ್ಲಿ ಉರುಹೊಡೆದಿದ್ದ ಎರಡೂ ಸುಳ್ಳು ಅಷ್ಟರಲ್ಲಿ ಮರೆತುಹೋಗಿದ್ದವು.

"ಮಾವ, ಎಲ್ಲರನ್ನೂ ಕರೆದು ನಿಮ್ಮನ್ನು ಮರೆತೆ. ಈಗ ಕಾರ್ಡನ್ನೂ ಮರೆತು ಬಂದಿದ್ದೇನೆ" ಎಂದೆ.

"ಮರೆತದ್ದಲ್ಲ ಶೋಭಾ. ನಿನ್ನ ಮದುವೆಗೆ ನಾನು ಬರಲಿಲ್ಲ, ಅದಕ್ಕೆ ಬಿಟ್ಟದ್ದು. ನನಗೆ ಗೊತ್ತುಂಟು."

"ನನ್ನ ಮದುವೆಗೆ ನೀವು ಬಂದಿರಲಿಲ್ವಾ?"

ಪ್ರಾಮಾಣಿಕವಾಗಿ ಕೇಳಿದ್ದು! ನನ್ನ ನೆನಪಿನಲ್ಲಿ ಮಾವ ಬಿಳಿ ಶಾಲು ಹೊದ್ದು ಮಂಟಪದ ಬಲಗಡೆ ನಿಂತಿದ್ದಾರೆ. ಹತ್ತೊಂಬತ್ತು ವರ್ಷಗಳಿಂದ ಅಲ್ಲೇ ನಿಂತಿದ್ದಾರೆ. ಅಲ್ಲಿ ಇರಬೇಕಾದವರನ್ನು ನನ್ನ ತಲೆ ತಾನಾಗಿಯೇ ತಂದು ನಿಲ್ಲಿಸಿಕೊಂಡಿತ್ತು. ಅವತ್ತು ನನ್ನ ಗಮನವೆಲ್ಲ ತಲೆಯ ಮೇಲಿನ ಮಲ್ಲಿಗೆಯ ಭಾರದ ಮೇಲಿತ್ತು. ಯಾರು ಬಂದರು, ಯಾರು ಬರಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು?

ಮಾವ ನನ್ನ ಮುಖವನ್ನೇ ನೋಡಿದರು. ನಾಟಕ ಅಲ್ಲ ಎಂದು ಖಾತ್ರಿಯಾದ ಮೇಲೆ ಪೇಪರು ಮಡಚಿ ಕೆಳಗಿಟ್ಟು ಹೇಳತೊಡಗಿದರು. ಅವತ್ತು ಅಪ್ಪನಿಗೆ ಪುರುಸೊತ್ತಿಲ್ಲದೆ, ಮಲ್ಪೆಯಿಂದ ಕಾರ್ಕಳಕ್ಕೆ ಹೋಗುವ ಮೀನಿನ ಟೆಂಪೊದಲ್ಲಿ ಕಾರ್ಡು ಕೊಟ್ಟು ಕಳಿಸಿದ್ದರಂತೆ. ಅಂಗಡಿಯಲ್ಲಿ ಬಂಗುಡೆಯ ಬಾಕ್ಸು ಇಳಿಸಿದರೆ ಅದರ ಮೇಲೆ ಒದ್ದೆಯಾದ ಕಾರ್ಡು. ಸ್ವಂತ ತಂಗಿಯ ಮಗಳ ಮದುವೆಗೆ ನನ್ನನ್ನು ಐಸಿನ ಜೊತೆ ಕರೆದರು ಎಂದು ಮಾವನಿಗೆ ಸಿಟ್ಟು ನೆತ್ತಿಗೇರಿತಂತೆ. ಆ ಸಿಟ್ಟು ಎರಡು ವರ್ಷಕ್ಕೆ ಮುಗಿದಿತ್ತು. ಆಮೇಲೆ ಬಾರದೆ ಉಳಿದದ್ದು ಸಿಟ್ಟಿನಿಂದಲ್ಲ, ಯಾವ ಮುಖ ಇಟ್ಟುಕೊಂಡು ಬರುವುದು ಎಂದು. ಅಮ್ಮ ಹೋದಾಗ ಬಂದವರು ಗೇಟಿನ ಹತ್ತಿರವೇ ನಿಂತು ಹೋಗಿದ್ದರು. ಅವರಿಗೆ ಬಸ್ಸಿಗೆ ಹೊತ್ತಾಯಿತೇನೋ ಎಂದು ನಾನು ತಿಳಿದಿದ್ದೆ.

ಹೇಳಿ ಮುಗಿಸಿ ತಲೆ ತಗ್ಗಿಸಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಆವತ್ತು ಕಾರ್ಡು ಬಂತು, ಜನ ಬರಲಿಲ್ಲ. ಇವತ್ತು ಜನ ಬಂದಿದೆ, ಕಾರ್ಡಿಲ್ಲ" ಎಂದರು.

ಮಾಮಿಗೂ ನಗು, ನನಗೂ ನಗು. ಬೆಲ್ಲ ನೀರು ನೆತ್ತಿಗೆ ಹತ್ತಿತು. ಹೊರಡುವಾಗ ಮಾಮಿ ಒಣ ಸಿಗಡಿಯ ಕಟ್ಟು ಕೊಟ್ಟರು. (ಡಿಕ್ಕಿಯಲ್ಲಿಲ್ಲ. ನೋಡಿ ಬಂದೇ ಬರೆಯುತ್ತಿದ್ದೇನೆ.)

ಮಾವ ಮದುವೆಯ ಹಿಂದಿನ ದಿನವೇ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಕಾಪುವಿಗೆ ಬಂದಿಳಿದರು. ಗಿರಿಜಕ್ಕನೂ ಬಂದರು, ಹನ್ನೊಂದು ಜನರೊಂದಿಗೆ. ಮೂರು ಕಾರ್ಡಿಗೆ ಅದು ಕಡಿಮೆಯೇ ಆಯಿತು ಎಂದು ಅವರ ಲೆಕ್ಕ.

ಮಾವ ಕಾರಿನಿಂದ ಇಳಿಯುವುದನ್ನು ಕಂಡು ಸುಮನಳ ಮುಖ ಬಿಳುಪೇರಿತು. ನನ್ನ ಗುಟ್ಟು ಬಯಲಾಯಿತು ಎಂದುಕೊಂಡೆ. ಅವಳನ್ನು ಪಕ್ಕಕ್ಕೆ ಕರೆದು ತಪ್ಪು ಒಪ್ಪಿಕೊಂಡೆ. ನೀನು ಹೇಳಿದ್ದನ್ನು ಮರೆತಿದ್ದೆ, ಮೊನ್ನೆಯಷ್ಟೇ ಹೋಗಿ ಕರೆದೆ, ಕ್ಷಮಿಸು ಎಂದೆ. ಅವಳು ತಿರುಗಿ ಒಳಗೆ ಹೋದಳು. ಅಲ್ಲಿಗೆ ನನ್ನ ದೊಡ್ಡಸ್ತಿಕೆ ಮುಗಿಯಿತು ಎಂದುಕೊಂಡೆ.

ಮರುದಿನ ಮಂಟಪದಲ್ಲಿ ಪ್ರಶಾಂತ ಮಾವನ ಕಾಲಿಗೆ ಬಗ್ಗಿದ. ಮಾವ ಅವನ ತಲೆಯ ಮೇಲೆ ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲೇ ಇಲ್ಲ. ಫೋಟೊಗ್ರಾಫರು ಸಾಕು ಎಂದು ಸನ್ನೆ ಮಾಡಿದರೂ ತೆಗೆಯಲಿಲ್ಲ. ನಾನು ಅತ್ತೆ. ನಾಚಿಕೆಯೇನಿಲ್ಲ, ಜೋರಾಗಿಯೇ ಅತ್ತೆ.

ಊಟದ ಹೊತ್ತಿಗೆ ಪಾಯಸದ ಬಕೆಟ್ಟು ಹಿಡಿದುಕೊಂಡು ಸುಮನ ನನ್ನ ಪಕ್ಕ ಬಂದು ನಿಂತಳು.

"ನೀನು ಎಂತದನ್ನೂ ಮರೆಯಲಿಲ್ಲ ಅಕ್ಕ. ನಾನು ಹೇಳಿಯೇ ಇರಲಿಲ್ಲ. ಬೇಕಂತಲೇ ಬರೆಯಲಿಲ್ಲ" ಎಂದಳು.

ನನ್ನ ಮದುವೆಯ ದಿನ ಅಮ್ಮ ಉಗ್ರಾಣದ ಕೋಣೆಯಲ್ಲಿ ಕೂತು ಅಣ್ಣ ಬರಲಿಲ್ಲ ಎಂದು ಅತ್ತಿದ್ದರಂತೆ. ಇಪ್ಪತ್ತೆರಡು ವರ್ಷದ ಸುಮನ ಅದನ್ನು ನೋಡಿದ್ದಳು. ನನಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ. ನನಗಾದ ಅವಮಾನವನ್ನು ನನಗೇ ತಿಳಿಯದ ಹಾಗೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು ನನ್ನ ತಂಗಿ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಪ್ಪು ನನ್ನದಲ್ಲ! ಜೀವಮಾನದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಏನೋ ಒಂದು ಬಿಟ್ಟುಹೋಗಿತ್ತು, ಮತ್ತು ಬಿಟ್ಟವಳು ನಾನಲ್ಲ! ಆ ಪಾಯಸದ ಬಕೆಟ್ಟಿನ ಸಮೇತ ಅವಳನ್ನು ಅಪ್ಪಿಕೊಂಡೆ.

"ಇನ್ನು ಮುಂದೆ ಲಿಸ್ಟ್ ನೀನೇ ಬರೆ" ಎಂದಳು ಸುಮನ. "ನೀನು ಬಿಟ್ಟವರ ಹತ್ತಿರ ಹೋಗಿ ಮರೆತೆ ಅಂತ ಹೇಳಬಹುದು. ನಾನು ಬಿಟ್ಟವರ ಹತ್ತಿರ ಹೋಗಿ ಎಂತ ಹೇಳುವುದು?"

ಹೇಳಿ, ಸೀದಾ ಮಾವ ಕೂತ ಸಾಲಿಗೆ ಹೋದಳು. ಮಾವ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬಿಡದೆ ಎರಡು ಸೌಟು ಪಾಯಸ ಬಡಿಸಿದಳು. ಐಸಿನ ಜೊತೆ ಬಂದ ಒಂದು ಕಾರ್ಡನ್ನು ಹತ್ತೊಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡ ಮಾವ ಅಲ್ಲಿ, ಅದೇ ಹತ್ತೊಂಬತ್ತು ವರ್ಷ ಅವರ ಮೇಲೆ ಹಲ್ಲು ಮಸೆಯುತ್ತಿದ್ದ ನನ್ನ ತಂಗಿ ಅಲ್ಲಿ, ಎರಡೂ ಗೊತ್ತಿಲ್ಲದೆ ಹಾಯಾಗಿದ್ದ ನಾನು ಇಲ್ಲಿ.

ಇಷ್ಟಾದರೂ ನಮ್ಮ ಮೂವರಲ್ಲಿ ಮಾತ್ರೆ ನುಂಗುತ್ತಿರುವವಳು ನಾನೊಬ್ಬಳೇ!