ಎದುರು ಫ್ಲಾಟಿನ ಜೋಗುಳ

ಕೊಲ್ಲಿ ನಾಡಿನ ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲಾಟಿನ ಆಂಟಿ ಟರ್ಕಿಯವರು, ಎಪ್ಪತ್ತು ದಾಟಿದವರು. ನನ್ನ ಮಗು ಅತ್ತರೆ ಸಾಕು, "ಯಲ್ಲಾ, ಬೇಗ ಇಲ್ಲಿ ಕೊಡು" ಎಂದು ಎತ್ತಿಕೊಂಡು, ಬೆನ್ನು ತಟ್ಟುತ್ತ ಹಾಡುತ್ತಿದ್ದರು. ಟರ್ಕಿಯ ಹಾಡೆಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಮಗುವಿಗೆ ಜ್ವರ ಏರಿ ಫಿಟ್ಸ್ ಬಂತು. ಕ್ಲಿನಿಕ್ಕಿಗೆ ಅವರೂ ಓಡಿಬಂದು, ಮಗು ಕಣ್ಣು ತೆರೆಯುವವರೆಗೂ ಹಾಡಿದರು. ಸ್ಪೇನಿನ ಡಾಕ್ಟರ್ ಬೆರಗಾಗಿ, "ಇದು ನಮ್ಮ ಹಳೇ ಸ್ಪ್ಯಾನಿಷ್! ಎಲ್ಲಿ ಕಲಿತಿರಿ?" ಎಂದರು. ಮಗುವಿನ ಬೆನ್ನು ತಟ್ಟುತ್ತಿದ್ದ ಆಂಟಿಯ ಕೈ ನಿಂತಿತು.

ಹೊರಗೆ ಬಂದ ಮೇಲೆ ನನ್ನ ಮುಖ ನೋಡದೆ ಹೇಳಿದರು: "ನಾವು ಯಹೂದಿಗಳು. ಐನೂರು ವರ್ಷದ ಹಿಂದೆ ಸ್ಪೇನಿನಿಂದ ನಮ್ಮವರನ್ನು ಓಡಿಸಿದಾಗ ಹಿರಿಯರು ಟರ್ಕಿಗೆ ತಂದ ಜೋಗುಳ ಅದು. ಇಲ್ಲಿ ಯಾರಿಗೂ ಹೇಳಿಲ್ಲ. ಇನ್ನು ಮಗುವನ್ನು ನನ್ನ ಹತ್ತಿರ ಬಿಡುತ್ತೀಯಾ?"

ನಾನು ಮಗುವನ್ನು ಅವರ ಕೈಗಿಟ್ಟು ಫೋನ್ ತೆಗೆದೆ. "ಇನ್ನೊಮ್ಮೆ ಹಾಡಿ ಆಂಟಿ, ರೆಕಾರ್ಡ್ ಮಾಡ್ತೇನೆ."

"ರೆಕಾರ್ಡ್ ಬೇಡ, ಬಾಯಿಪಾಠ ಮಾಡು" ಎಂದರು.

ಟ್ಯಾಕ್ಸಿ ಬರುವಷ್ಟರಲ್ಲಿ ಎರಡು ಸಾಲು ಕಲಿತೆ.